ಹಿರಿಯರನ್ನು ಮನೆಯಲ್ಲೇ ಬಂಧಿಸುವ ಫುಟ್‌ಪಾತ್‌ಗಳು

ನಮ್ಮ ನಗರಗಳಲ್ಲಿ ರಸ್ತೆ ಕಾಮಗಾರಿಗಳಿಗೆ ಬಿಡುವಿಲ್ಲ. ಕಾಂಕ್ರೀಟು ರಸ್ತೆಯ ಉದ್ಘಾಟನೆಗೆ ಜನಪ್ರತಿನಿಧಿಗಳ ಸಾಲೇ ನೆರೆಯುತ್ತದೆ. ಆದರೆ ಅದೇ ರಸ್ತೆಯ ಅಂಚಿನಲ್ಲಿ ಊರುಗೋಲು ಹಿಡಿದ ವೃದ್ಧರೊಬ್ಬರು ನೂರು ಹೆಜ್ಜೆ ನಿರಾತಂಕವಾಗಿ ನಡೆಯಬಲ್ಲರೇ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಹೆಚ್ಚಿನ ಪಟ್ಟಣಗಳಲ್ಲಿ ಫುಟ್‌ಪಾತ್ ಎಂದರೆ ಚರಂಡಿಯ ಮೇಲೆ ಹಾಸಿದ ಚಪ್ಪಡಿ. ಚರಂಡಿ ಎಷ್ಟು ಎತ್ತರವೋ ಅದೂ ಅಷ್ಟೇ ಎತ್ತರ. ಪ್ರತಿ ಗೇಟಿನ ಮುಂದೆ ಅದು ತುಂಡಾಗುತ್ತದೆ; ಇಳಿಯಬೇಕು, ಮತ್ತೆ ಹತ್ತಬೇಕು. ನಡುವೆ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ಸಾಲುಗಟ್ಟಿ ನಿಂತ ಬೈಕುಗಳು. ಮೊಣಕಾಲು ನೋವಿನ ತಾಯಂದಿರು, ಅಂಧರು, ಗಾಲಿಕುರ್ಚಿಯವರು ವಿಧಿಯಿಲ್ಲದೆ ವಾಹನಗಳ ನಡುವೆ ಇಳಿಯುತ್ತಾರೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಪ್ರಾಣ ಕಳೆದುಕೊಂಡ ಪಾದಚಾರಿಗಳ ಸಂಖ್ಯೆ 32 ಸಾವಿರಕ್ಕೂ ಅಧಿಕ. ಹಾಗೆ ಇಳಿಯಲು ಹೆದರಿದವರು ಬ್ಯಾಂಕು, ಆಸ್ಪತ್ರೆ, ಮಸೀದಿ, ನೆಂಟರ ಮನೆ ಎಲ್ಲವನ್ನೂ ತೊರೆದು ಮನೆಯಲ್ಲೇ ಉಳಿಯುತ್ತಾರೆ. ಅಪರಾಧವೆಸಗದೆ ಅನುಭವಿಸುವ ಈ ಗೃಹಬಂಧನವು ಯಾವ ಅಂಕಿ ಅಂಶದಲ್ಲೂ ದಾಖಲಾಗುವುದಿಲ್ಲ.

ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. ಫುಟ್‌ಪಾತ್‌ಗಳಿಗೆ ಇಳಿಜಾರು ಇರಬೇಕೆಂದು 1995ರ ವಿಕಲಚೇತನರ ಕಾಯ್ದೆಯೇ ಹೇಳಿತ್ತು. ಆದರೆ 'ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಎಂಬ ಮಾತನ್ನೂ ಸೇರಿಸಿತ್ತು. ಕೆಲಸ ಮಾಡಲು ಮನಸ್ಸಿಲ್ಲದವರಿಗೆ ಅಷ್ಟು ನೆಪ ಸಾಕಾಯಿತು. 2016ರಲ್ಲಿ ಹೊಸ ಕಾಯ್ದೆ ಬಂತು. ಅದರಡಿಯ ನಿಯಮವು ಸೌಲಭ್ಯದ ಮಾನದಂಡಗಳನ್ನು ಬರಿಯ ಸಲಹೆಯ ಮಟ್ಟಕ್ಕೆ ಇಳಿಸಿದೆಯೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿ, ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು, ವಿಕಲಚೇತನರೂ ಬಳಸಬಲ್ಲ, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸ್ಪಷ್ಟಪಡಿಸಿತು.

ಇದಕ್ಕೆ ಬೇಕಾದ ತಾಂತ್ರಿಕ ಜ್ಞಾನವೂ ದೊಡ್ಡದೇನಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲವಿರಬೇಕು. ಎತ್ತರ 150 ಮಿಲಿಮೀಟರ್, ಅಂದರೆ ಸುಮಾರು ಆರು ಅಂಗುಲ ಮೀರಬಾರದು. ಗಾಲಿಕುರ್ಚಿಗೆ ಒಂದಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದದ ಇಳಿಜಾರು ಬೇಕು. ಹಾಗಾದರೆ ಆರು ಅಂಗುಲದ ಫುಟ್‌ಪಾತಿಗೆ ಆರು ಅಡಿಯ ಇಳಿಜಾರು ಸಾಕು. ಕೋಟಿಗಟ್ಟಲೆ ರೂಪಾಯಿಯ ಕಾಮಗಾರಿಯಲ್ಲಿ ಇದು ಹೊರೆಯೇ?

ಫುಟ್‌ಪಾತ್ ತೆರವು ಎಂದೊಡನೆ ಅಧಿಕಾರಿಗಳಿಗೆ ಮೊದಲು ಕಾಣುವುದು ಬಡ ವ್ಯಾಪಾರಿಯ ತಳ್ಳುಗಾಡಿ. ಇದು ನ್ಯಾಯವಲ್ಲ. ವ್ಯಾಪಾರಿಗಳ ಪ್ರತಿನಿಧಿಗಳೂ ಇರುವ ಸಮಿತಿಯ ಮೂಲಕ ಅವರಿಗೆ ಜಾಗ ಗುರುತಿಸಬೇಕೆಂದು 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಹೇಳುತ್ತದೆ. ಆ ಕೆಲಸ ಮಾಡದೆ ಗಾಡಿಯನ್ನು ಎತ್ತಿ ಒಯ್ಯುವುದು, ಪಕ್ಕದಲ್ಲೇ ನಿಂತ ಕಾರನ್ನೂ ಕಂಬವನ್ನೂ ಹಾಗೆಯೇ ಬಿಡುವುದು, ದುರ್ಬಲನ ವಿರುದ್ಧ ದುರ್ಬಲನನ್ನು ನಿಲ್ಲಿಸುವ ಉಪಾಯವಷ್ಟೇ.

ಸರಕಾರವನ್ನು ದೂರುವ ನಾವು ನಮ್ಮ ಅಂಗಡಿ ಮುಂಗಟ್ಟುಗಳನ್ನೂ ಒಮ್ಮೆ ನೋಡಿಕೊಳ್ಳಬೇಕು. ಅಂಗಡಿಯ ಮೆಟ್ಟಿಲನ್ನು ಫುಟ್‌ಪಾತಿನವರೆಗೆ ಚಾಚಿದವರು ಯಾರು? ಶುಕ್ರವಾರ ಮಧ್ಯಾಹ್ನ ಮಸೀದಿಯ ಮುಂದೆ, ಮದುವೆಯ ದಿನ ಹಾಲ್‌ನ ಮುಂದೆ ದಾರಿ ಮುಚ್ಚುವಂತೆ ವಾಹನ ನಿಲ್ಲಿಸುವವರು ಯಾರು? ಐದು ನಿಮಿಷದ ನಮ್ಮ ಅನುಕೂಲವು ಇನ್ನೊಬ್ಬರನ್ನು ಲಾರಿಯ ಮುಂದೆ ನಡೆಸುತ್ತದೆ ಎಂಬ ಅರಿವು ನಮಗಿರಬೇಕು.

ಪ್ರತಿ ವಾರ್ಡಿನ ನಾಗರಿಕರು ಒಂದು ಬೇಡಿಕೆಯನ್ನು ಮುಂದಿಡಲಿ: ಫುಟ್‌ಪಾತ್ ಕಾಮಗಾರಿಯ ಬಿಲ್ಲು ಪಾವತಿಗೆ ಮುನ್ನ ಇಂಜಿನಿಯರರು ಗಾಲಿಕುರ್ಚಿಯ ವ್ಯಕ್ತಿಯೊಬ್ಬರ ಜೊತೆ ಆ ದಾರಿಯಲ್ಲಿ ಕೊನೆಯವರೆಗೆ ಸಾಗಿ ಬರಲಿ. ಕುರ್ಚಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಕಾಮಗಾರಿ ಅಪೂರ್ಣ. ಹಿರಿಯರ ಬಗೆಗಿನ ಗೌರವವು ಮನೆಯ ಹೊಸ್ತಿಲಲ್ಲೇ ಮುಗಿಯಬಾರದು; ಅದು ಬೀದಿಯಲ್ಲೂ ಕಾಣಬೇಕು.