ಸಭೆಗೆ ಬಂದವರು ಮ್ಯೂಸಿಯಂ ನೋಡಬಾರದೆ?



ಕಾರ್ಮಿಕರ ಸಭೆಗೆಂದು ಬೆಂಗಳೂರಿನಿಂದ ರಾತ್ರಿ ರೈಲಿಗೆ ಬಂದ ಗೆಳೆಯರು, “ಸಭೆ ಸಾಯಂಕಾಲವಲ್ಲವೆ, ಅಲ್ಲಿಯ ತನಕ ಎಗ್ಮೋರಿನ ಮ್ಯೂಸಿಯಂ ತೋರಿಸಪ್ಪ” ಎಂದರು. ನಮ್ಮವರೇ ಒಬ್ಬ ಮುಖಂಡರು ಗದರಿದರು: “ಹೋರಾಟಕ್ಕೆ ಬಂದಿರೋ, ಗೊಂಬೆ ನೋಡಲಿಕ್ಕೆ ಬಂದಿರೋ?”

ನಾನು ಮಾಣಿಯಾಗಿದ್ದಾಗ ರಜಾ ಕೇಳಿದರೆ ಗಲ್ಲಾದಲ್ಲಿ ಕೂತವರು, “ರಜಾ ತಗೊಂಡು ಏನು ಕಡಿದು ಹಾಕ್ತೀಯೋ?” ಎನ್ನುತ್ತಿದ್ದರು. ಮಾಲೀಕರ ಮಾತು ಮುಖಂಡರ ಬಾಯಿಗೆ ಹೇಗೆ ಬಂತು?

ಆ ಗೊಂಬೆ ಮಾಡಿದವರು ಯಾರು ಸ್ವಾಮಿ? ಸುಮಾರು 1,800 ವರ್ಷದ ಹಿಂದೆ ಅಮರಾವತಿಯ ಕಲ್ಲು ಕೆತ್ತಿದವರೂ, ಚೋಳರ ಕಾಲದಲ್ಲಿ ಮೇಣದ ಬೊಂಬೆಗೆ ಮಣ್ಣು ಮೆತ್ತಿ ಕಾದ ಲೋಹ ಹೊಯ್ದು ನಟರಾಜನನ್ನು ನಿಲ್ಲಿಸಿದವರೂ ಕೂಲಿಯ ಕೈಗಳೇ. ಆ ಕಾವು ಎಂಥದೆಂದು ದೋಸೆ ಕಾವಲಿಯ ಮುಂದೆ ನಿಂತವನಿಗೆ ಗೊತ್ತು.

1923ರಲ್ಲಿ ಸಿಂಗಾರವೇಲರು ದೇಶದ ಮೊದಲ ಮೇ ದಿನ ಆಚರಿಸಿದ್ದು ಇದೇ ಊರಿನ ಕಡಲ ದಂಡೆಯಲ್ಲಿ. ಮರೀನಾದಲ್ಲಿ 1959ರಿಂದ ನಾಲ್ವರು ಬಂಡೆ ನೂಕುತ್ತಿದ್ದಾರಲ್ಲ, ಆ ಪ್ರತಿಮೆ ಮಾಡಿದವರು ಮದರಾಸಿನ ಕಲಾಶಾಲೆಯ ಮುಖ್ಯಸ್ಥರಾಗಿದ್ದ ದೇವಿಪ್ರಸಾದ ರಾಯ್ ಚೌಧರಿ. ಅದು ಕಲೆಯೋ ಹೋರಾಟವೋ, ಮುಖಂಡರೇ ಹೇಳಲಿ.

ಗೆಳೆಯರನ್ನು ಕರೆದುಕೊಂಡೇ ಹೋದೆ. ಸಭೆಗೆ ಕಾಲು ಗಂಟೆ ತಡವಾಯಿತು, ತಪ್ಪು ಒಪ್ಪುತ್ತೇನೆ. ಮುಂದಿನ ಸಲ ಬೆಳಗಿನ ಹೊತ್ತೇ ಬನ್ನಿ. ಶುಕ್ರವಾರ ಮಾತ್ರ ಬೇಡ, ಅಂದು ಮ್ಯೂಸಿಯಮ್ಮಿಗೆ ವಾರದ ರಜಾ.