ಮುಗಿಯದೆ ಉಳಿದ ಲಾಗಿನ್ ನಮೂದು

ಅಂಗಡಿ ಮುಚ್ಚುವ ಮೊದಲು ಶಿಲ್ಕು ತಾಳೆ ನೋಡಿ ರೋಜುಕೀರ್ದಿ ಮುಗಿಸುವ ಪದ್ಧತಿಯನ್ನು ನಮ್ಮ ವರ್ತಕ ಬಾಂಧವರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿದ್ದಾರೆ. ಆದರೆ ಗಣಕಯಂತ್ರದೊಳಗೆ ತಾನಾಗಿಯೇ ಬರೆಯಲ್ಪಡುವ ಇನ್ನೊಂದು ಕೀರ್ದಿಯ ಬಗೆಗೆ ವಿಚಾರಿಸುವವರು ವಿರಳ. ಯಾರು, ಯಾವ ಟರ್ಮಿನಲ್‌ನಿಂದ, ಎಷ್ಟು ಗಂಟೆಗೆ ಒಳಬಂದು ಎಷ್ಟು ಗಂಟೆಗೆ ಹೊರಹೋದರೆಂಬ ಲಾಗಿನ್ ದಾಖಲೆಯೇ ಅದು.

ಕೆಲವು ವರ್ಷಗಳ ಹಿಂದೆ ಬೋರಗಾಂವ ಭಾಗದ ಸಂಸ್ಥೆಯೊಂದರ ಲೆಕ್ಕ ತಪಾಸಣೆಗೆ ಹೋಗಿದ್ದೆ. ಅಲ್ಲಿ ಹಳೆಯ ಯುನಿಕ್ಸ್ ಸರ್ವರ್ ಬಳಕೆಯಲ್ಲಿತ್ತು. ಒಂದು ಸಂಜೆ ಏಳರ ನಂತರ ಸಾಲದ ಖಾತೆಯೊಂದರ ಬಡ್ಡಿಯನ್ನು ಯಾರೋ ತಿದ್ದಿದ್ದರು. ಲೆಕ್ಕದ ತಂತ್ರಾಂಶಕ್ಕೆ ಎಲ್ಲರದೂ ಒಂದೇ ಪಾಸ್‌ವರ್ಡ್. ಸರ್ವರಿನ ದಾಖಲೆಯಲ್ಲಿ ಆ ಹೊತ್ತಿಗೆ ಇಬ್ಬರ ಹೆಸರುಗಳಿದ್ದವು: ಹಿರಿಯ ಅಧಿಕಾರಿಯೊಬ್ಬರದು ಮತ್ತು ಗುಮಾಸ್ತೆಯೊಬ್ಬರದು. ಸಂಶಯ ಸಹಜವಾಗಿಯೇ ಕಿರಿಯರ ಮೇಲೆ ಬಿತ್ತು. ನಾನು ಹೋಗುವ ವೇಳೆಗೆ ಅಮಾನತು ಪತ್ರ ಟೈಪಾಗಿತ್ತು.

ಹಾಜರಿ ಪುಸ್ತಕದ ಪ್ರಕಾರ ಆಕೆ ಐದೂವರೆಗೇ ಮನೆಗೆ ಹೋಗಿದ್ದರು. ಲಾಗಿನ್ ದಾಖಲೆಯನ್ನು ಪೂರ್ತಿ ತೆಗೆಸಿದಾಗ ಆಕೆ ನಾಲ್ಕು ದಿನಗಳಿಂದ ಹೊರಗೇ ಬಂದಿಲ್ಲವೆಂದು ಕಂಡಿತು! ಮಧ್ಯಾಹ್ನ ವಿದ್ಯುತ್ ಹೋಗಿ ಟರ್ಮಿನಲ್ ಆರಿದ್ದರಿಂದ ಒಳಬಂದ ನಮೂದು ಮುಗಿಯದೆ ಉಳಿದಿತ್ತು. ಇಂತಹ ನಮೂದುಗಳನ್ನು ತೆರವುಗೊಳಿಸಬೇಕಾದ ಹಿನ್ನೆಲೆ ಸೇವೆಯನ್ನು, ಯಂತ್ರ ನಿಧಾನವಾಗುತ್ತದೆಂದು ತಂತ್ರಜ್ಞರೊಬ್ಬರು ನಿಲ್ಲಿಸಿದ್ದರು.

ಯುನಿಕ್ಸ್‌ನಲ್ಲಿ ‘ಯುಟಿಎಂಪಿ’ ಎಂಬ ಕಡತ ಸದ್ಯ ಒಳಗಿರುವವರ ಪಟ್ಟಿ. ‘ಡಬ್ಲ್ಯುಟಿಎಂಪಿ’ ಬಂದುಹೋದವರ ಚರಿತ್ರೆ. ಬಳಕೆದಾರರ ಕೆಲಸ ಅರ್ಧಕ್ಕೆ ಕಡಿದರೆ ಮೊದಲ ಪಟ್ಟಿಯಲ್ಲಿ ಹೆಸರು ಉಳಿದುಬಿಡುವುದುಂಟು. ಸೋಲಾರಿಸ್ ವ್ಯವಸ್ಥೆಯಲ್ಲಿ ‘ಯುಟಿಎಂಪಿಡಿ’ ಎಂಬ ಸೇವೆ ಅಂತಹ ಹೆಸರುಗಳನ್ನು ಹುಡುಕಿ ತೆಗೆಯುತ್ತದೆ. ಪರದೆಯ ಮೇಲೆ ಕಾಣದ ಈ ಸೇವೆಯನ್ನು ಅನಾವಶ್ಯಕವೆಂದು ತಿಳಿಯುವುದು ತಪ್ಪು. ಅದು ಬಳಸುವ ಯಂತ್ರಶಕ್ತಿ ತೀರ ಅಲ್ಪ.

ಇದು ಹಳೆಯ ಯಂತ್ರಗಳ ಮಾತು ಮಾತ್ರವಲ್ಲ. ಈ ಕಡತಗಳಲ್ಲಿ ಸಮಯವನ್ನು 32 ಬಿಟ್‌ಗಳಲ್ಲಿ ಬರೆಯುವ ರೂಢಿಯಿದ್ದು, ಆ ಎಣಿಕೆ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಆದ್ದರಿಂದ ಲಿನಕ್ಸ್‌ನಲ್ಲಿ ‘ಡಬ್ಲ್ಯುಟಿಎಂಪಿ-ಡಿಬಿ’ ಎಂಬ ಹೊಸ ದಾಖಲೆ ವ್ಯವಸ್ಥೆ ಬಂದಿದೆ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13 ಇತ್ತ ಹೊರಳಿದೆ. ಸರ್ವರ್ ಬದಲಿಸುವ ಸದಸ್ಯರು ಹಳೆಯ ದಾಖಲೆಯ ಪ್ರತಿಯನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಕಾನೂನೂ ಇದೇ ದಿಕ್ಕಿನಲ್ಲಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕು. ಆ ಸೌಲಭ್ಯವನ್ನು ನಿಲ್ಲಿಸುವಂತಿಲ್ಲ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನವು ಗಣಕ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಕಾಪಾಡಲು ಹೇಳುತ್ತದೆ. ಆದರೆ ದಂಡದ ಭಯಕ್ಕಿಂತ, ನಿರಪರಾಧಿಯ ಅನ್ನಕ್ಕೆ ಕುತ್ತು ಬರಬಾರದೆಂಬುದೇ ನನಗೆ ಮುಖ್ಯವಾಗಿ ತೋರುತ್ತದೆ.

ಆದಕಾರಣ ಪ್ರತಿ ನೌಕರನಿಗೂ ಪ್ರತ್ಯೇಕ ಹೆಸರು, ಪ್ರತ್ಯೇಕ ಪಾಸ್‌ವರ್ಡ್ ಇರಲಿ. ದಾಖಲೆಯ ಸೇವೆಯನ್ನು ಲಿಖಿತ ಅನುಮತಿಯಿಲ್ಲದೆ ಯಾರೂ ನಿಲ್ಲಿಸದಿರಲಿ. ಸರ್ವರಿನ ಗಡಿಯಾರ ಸರಿಯಿರಲಿ. ‘ರೂಟ್’ ಅಧಿಕಾರವುಳ್ಳವರು ಈ ಕಡತವನ್ನೇ ತಿದ್ದಬಲ್ಲರು. ಆದುದರಿಂದ ಅದರ ಪ್ರತಿ ಬೇರೊಂದು ಯಂತ್ರದಲ್ಲಿರಲಿ, ಮತ್ತು ತಿಂಗಳಿಗೊಮ್ಮೆ ಆ ಅಧಿಕಾರವಿಲ್ಲದ ಹಿರಿಯರೊಬ್ಬರು ಅದನ್ನು ಹಾಜರಿ ಪುಸ್ತಕದೊಡನೆ ತಾಳೆ ನೋಡಿ ಸಹಿ ಮಾಡಲಿ.

ಆ ಸಂಸ್ಥೆಯ ಆಡಳಿತ ಮಂಡಳಿ ಅಮಾನತು ಪತ್ರವನ್ನು ಹಿಂದಕ್ಕೆ ಪಡೆಯಿತು. ಬಡ್ಡಿ ತಿದ್ದಿದವರಾರೆಂದು ಮಾತ್ರ ಕೊನೆಯವರೆಗೂ ಸಿದ್ಧಪಡಿಸಲಾಗಲಿಲ್ಲ. ಒಂದೇ ಪಾಸ್‌ವರ್ಡ್ ಎಲ್ಲರ ಕೈಯಲ್ಲಿತ್ತಲ್ಲ! ಈ ತಿಂಗಳ ಲೆಕ್ಕ ಮುಗಿಸುವಾಗ ತಮ್ಮ ಸರ್ವರಿನ ದಾಖಲೆಯನ್ನೂ ಒಮ್ಮೆ ತೆಗೆಸಿ ನೋಡಬೇಕೆಂದು ಸದಸ್ಯರಲ್ಲಿ ವಿನಂತಿ.