ಅನುಪಾನವನ್ನು ಮರೆತ ಪಾನ

ಬೆಂಗಳೂರಿನ ದೊಡ್ಡ ಭೋಜನಶಾಲೆಗಳಲ್ಲಿ ಈಚೆಗೆ ಒಂದು ಪದ್ಧತಿಯು ರೂಢಿಗೆ ಬಂದಿರುವುದು. ಅತಿಥಿಗೆ ತಿನಿಸನ್ನು ಆರಿಸುವ ಶ್ರಮವಿಲ್ಲ. ಏಳೆಂಟು, ಕೆಲವೆಡೆ ಹತ್ತು ಹನ್ನೆರಡು ಭಕ್ಷ್ಯಗಳು, ಒಂದೆರಡು ತುತ್ತಿನ ಪ್ರಮಾಣದಲ್ಲಿ, ಪಾಕಶಾಲೆಯವರೇ ಗೊತ್ತುಮಾಡಿದ ಕ್ರಮದಿಂದ ಒಂದಾದಮೇಲೊಂದು ಬರುವುವು. ಇದಕ್ಕೆ ಟೇಸ್ಟಿಂಗ್ ಮೆನು ಎಂದು ಹೆಸರು. ಒಂದೊಂದು ಭಕ್ಷ್ಯಕ್ಕೂ ಒಪ್ಪುವುದೆಂದು ಹೇಳಲಾದ ಒಂದೊಂದು ವೈನನ್ನು ಬೇರೆ ಬೆಲೆಗೆ ಸುರಿಯುವರು. ಆ ಆಯ್ಕೆಯನ್ನು ಮಾಡುವವನಿಗೆ ಸೊಮೆಲಿಯೇ ಎಂಬ ಫ್ರೆಂಚ್ ಬಿರುದು. ಈ ಪದ್ಧತಿಯ ವಿಷಯದಲ್ಲಿ ವಿದ್ಯಾವಂತರೊಳಗೆ ಎರಡು ಪಕ್ಷಗಳುಂಟು. ಇದು ಈ ದೇಶದವರು ಕಂಡು ಕೇಳರಿಯದ ಕಲೆ, ಯೂರೋಪಿನವರ ಕಾಲಬಳಿ ಕುಳಿತು ಕಲಿಯತಕ್ಕದ್ದು ಎಂಬುದು ಒಂದು. ಇದು ಮ್ಲೇಚ್ಛಾಚಾರ, ನಮ್ಮ ಪೂರ್ವಿಕರಿಗೆ ಇಂಥ ಯೋಚನೆಯೇ ಇರಲಿಲ್ಲ ಎಂಬುದು ಇನ್ನೊಂದು. ಎರಡು ಪಕ್ಷದವರೂ ಪರಸ್ಪರ ಮುಖ ನೋಡದಷ್ಟು ವೈರಿಗಳು. ಆದರೆ ಇಬ್ಬರ ಅಜ್ಞಾನವೂ ಒಂದೇ.

ಊಟದೊಡನೆ ಯಾವ ಪಾನೀಯವು ಸಲ್ಲುವುದೆಂಬ ವಿಚಾರಕ್ಕೆ ಶಾಸ್ತ್ರದಲ್ಲಿ ಅನುಪಾನವೆಂದು ಹೆಸರು. ಈಗ ಆ ಮಾತು ಮಾತ್ರೆಯನ್ನು ಜೇನಿನಲ್ಲಿ ತೇಯ್ದು ನೆಕ್ಕುವ ಅರ್ಥಕ್ಕೆ ಇಳಿದುಹೋಗಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 46ನೆಯ ಅಧ್ಯಾಯದಲ್ಲಿ ಅದಕ್ಕೆ ಪ್ರತ್ಯೇಕ ವರ್ಗವೇ ಉಂಟು. ಅಷ್ಟಾಂಗಹೃದಯದ ಸೂತ್ರಸ್ಥಾನದ 8ನೆಯ ಅಧ್ಯಾಯದಲ್ಲಿ ವಾಗ್ಭಟನು ಜವೆ, ಗೋಧಿ, ಮೊಸರು, ಜೇನುಗಳಿಗೆ ತಣ್ಣೀರನ್ನು ಹೇಳುವನು. ಹಿಟ್ಟಿನ ತಿನಿಸುಗಳಿಗೆ ಉಗುರುಬೆಚ್ಚನೆಯ ನೀರನ್ನು. ಸೊಪ್ಪು ತರಕಾರಿಗಳಿಗೂ ಹೆಸರು ಮೊದಲಾದ ಕಾಳುಗಳ ಅಡಿಗೆಗೂ ಮೊಸರಿನ ತಿಳಿ, ಮಜ್ಜಿಗೆ, ಹುಳಿಗಂಜಿಗಳನ್ನು. ಮಾಂಸಕ್ಕೂ ಮಂದಾಗ್ನಿಗೂ ಮದ್ಯವನ್ನು. ಮದ್ಯವನ್ನು ಕುಡಿದವನಿಗೆ ಅದರ ಮೇಲೆ ತಣ್ಣೀರನ್ನು ವಿಧಿಸುವುದನ್ನೂ ಆತನು ಮರೆಯಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗ, ಪಾನೀಯಭೋಗಗಳಿಗೆ ಬೇರೆ ಬೇರೆ ಪ್ರಕರಣಗಳೇ ಇರುವುವು. ಕನ್ನಡ ನೆಲದಲ್ಲಿ ಹುಟ್ಟಿದ ಗ್ರಂಥವದು. ಹೀಗಿರಲು ಇದು ಕಂಡರಿಯದ ಕಲೆಯೆಂಬ ಮಾತು ನಿಲ್ಲದು. ಪೂರ್ವಿಕರು ಯೋಚಿಸಲಿಲ್ಲವೆಂಬುದೂ ನಿಲ್ಲದು. ಮದ್ಯದ ಹೆಸರೆತ್ತಿದ ಕೂಡಲೆ ಸ್ಮೃತಿನಿಷೇಧವನ್ನು ತೋರಿಸುವವರು ಒಂದು ಭೇದವನ್ನು ನೆನೆಯಬೇಕು: ವೈದ್ಯಶಾಸ್ತ್ರವು ವಸ್ತುವಿನ ಗುಣವನ್ನು ಹೇಳುವುದು, ಸ್ಮೃತಿಯು ಕುಡಿಯುವವನ ಅಧಿಕಾರವನ್ನು ಹೇಳುವುದು. ಅಧಿಕಾರವಿಲ್ಲದವನಿಗೂ ಗುಣವನ್ನು ತಿಳಿಯುವ ಹಕ್ಕುಂಟು.

ಚರಕನು ಈ ಪ್ರಕರಣದಲ್ಲಿ ಕೊಟ್ಟ ಸೂತ್ರವು ಅತಿ ಸರಳವಾದುದು. ಪಾನೀಯದ ಗುಣವು ಅನ್ನದ ಗುಣಕ್ಕೆ ವಿಪರೀತವಾಗಿರಬೇಕು, ಆದರೆ ವಿರೋಧಿಯಾಗಿರಕೂಡದು. ಜಿಡ್ಡಿನ ಮಾಂಸಕ್ಕೆ ಹುಳಿಯಾದ ವೈನು, ಖಾರಕ್ಕೆ ಸಿಹಿಯಾದ ವೈನು ಎಂದು ಸೊಮೆಲಿಯೇಗಳು ಕಲಿಸುವ ಪಾಠವು ಇದರಿಂದ ಬಹಳ ದೂರವೇನೂ ಇಲ್ಲ. ಅಲ್ಲಿ ನಾಲಗೆಯು ಪ್ರಮಾಣ, ಇಲ್ಲಿ ಜಠರವು ಪ್ರಮಾಣ, ಅಷ್ಟು ವ್ಯತ್ಯಾಸವುಂಟು. ಆಕ್ಷೇಪವಿರುವುದು ಪಾಠದ ಮೇಲಲ್ಲ, ಪಾಠವನ್ನು ಪಾಲಿಸದ ಬಾಟಲಿಗಳ ಮೇಲೆ. ಹೆಸರಾಂತ ಸೀಮೆಯ ದುಬಾರಿ ಬಾಟಲಿಯನ್ನು ಮೊದಲೇ ಆರಿಸಿಟ್ಟುಕೊಂಡು, ಅದರ ಮುಂದೆ ಸಾರು ಪಲ್ಯಗಳನ್ನು ತಂದು ನಿಲ್ಲಿಸುವುದು ಜೋಡಿಸುವುದಲ್ಲ. ಕನ್ಯೆಯ ಮುಖ ನೋಡದೆ ವರನ ಸಂಬಳ ನೋಡಿ ಮಾಡುವ ಮದುವೆ.

ಹುಳಿಯನ್ನೇ ಪರೀಕ್ಷಿಸಬಹುದು. ಹುಣಿಸೆಹಣ್ಣಿನ ಹುಳಿಗೆ ಮುಖ್ಯ ಕಾರಣವಾದ ಟಾರ್ಟಾರಿಕ್ ಆಮ್ಲವೇ ದ್ರಾಕ್ಷಿಯ ಹುಳಿಗೂ ಮುಖ್ಯ ಕಾರಣ. ಎಲೆಯ ಮೇಲಿನ ಹುಳಿಯು ಬಟ್ಟಲಿನ ಹುಳಿಗಿಂತ ಮುಂದಾದರೆ ವೈನು ಸಪ್ಪೆಯಾಗುವುದು; ಕೊಟ್ಟ ಹಣವು ಹುಣಿಸೆಯಲ್ಲಿ ಕರಗಿತೆಂದೇ ಅರ್ಥ. ಇನ್ನು ಮೆಣಸಿನಕಾಯಿ. ಇದು 16ನೆಯ ಶತಮಾನದಲ್ಲಿ ಪೋರ್ತುಗೀಸರ ಮೂಲಕ ಬಂದುದಾದುದರಿಂದ ವಾಗ್ಭಟನಿಗೆ ತಿಳಿಯದು, ಫ್ರೆಂಚರ ಅಡಿಗೆಗೂ ಹೆಚ್ಚು ಬಳಕೆಯಿಲ್ಲ. ವೈನಿನೊಳಗಿನ ಮದ್ಯಸಾರವು ಅದರ ಉರಿಯನ್ನು ಕೆದಕುವುದು. ಕೆಂಪು ವೈನಿನ ಟ್ಯಾನಿನ್ ಎಂಬುದು ಶಾಸ್ತ್ರದ ಕಷಾಯರಸವೇ, ಅಂದರೆ ಒಗರು. ಅದು ಬಾಯಿಯ ಜೊಲ್ಲನ್ನು ಒಣಗಿಸಿ ಉರಿಯನ್ನು ಇನ್ನಷ್ಟು ಹರಿತಗೊಳಿಸುವುದು. ಓಕ್ ಮರದ ಪೀಪಾಯಿಯಲ್ಲಿ ಮಾಗಿದ, ನೂರಕ್ಕೆ 14 ಪಾಲು ಮದ್ಯಸಾರವುಳ್ಳ ಕೆಂಪು ವೈನನ್ನು ಹಿದುಕಿದವರೆಯ ಸಾರಿನ ಪಕ್ಕದಲ್ಲಿ ಇಡುವವನು ಚರಕನಿಗೂ ಸಲ್ಲ, ಬೋರ್ದೋ ಪಟ್ಟಣಕ್ಕೂ ಸಲ್ಲ. ಅಲ್ಲಿ ಸಲ್ಲುವುದು ಮದ್ಯಸಾರ ಕಡಿಮೆಯಿರುವ, ಸ್ವಲ್ಪ ಸಿಹಿಯುಳಿದ ಬಿಳಿಯ ವೈನು: ಜರ್ಮನಿಯ ರೀಸ್ಲಿಂಗ್, ಅಥವಾ ಈ ದೇಶದಲ್ಲಿಯೇ ಬೆಳೆಯುವ ಶೆನಿನ್ ಬ್ಲಾಂಕ್‌ನಲ್ಲಿ ಸಿಹಿಯಾದ ಬಗೆ. ಅದಕ್ಕಿಂತಲೂ ಚೆನ್ನಾಗಿ ಸಲ್ಲುವುದು ಮಜ್ಜಿಗೆ. ಹಾಲಿನ ಕೇಸೀನ್ ಎಂಬ ಸತ್ತ್ವವು ಖಾರದ ಉರಿಯನ್ನು ನಾಲಗೆಯಿಂದ ತೆಗೆದೊಯ್ಯುವುದೆಂದು ಈಗಿನ ರಸಾಯನಶಾಸ್ತ್ರವೂ ಹೇಳುವುದು. ಕಾಳಿನ ಅಡಿಗೆಗೆ ಮಜ್ಜಿಗೆಯೆಂದವನು ಮೆಣಸಿನಕಾಯಿಯನ್ನು ಕಾಣದೆಯೇ ಅದರ ಮದ್ದನ್ನೂ ಹೇಳಿಹೋದಂತಾಯಿತು.

ಕ್ರಮದ ಮಾತು ಬೇರೆಯುಂಟು. ಸಿಹಿಯಿಲ್ಲದ ವೈನು ಮೊದಲು, ಸಿಹಿಯಾದುದು ಕಡೆಗೆ ಎಂಬುದು ಅಲ್ಲಿಯ ನಿಯಮ. ಏಕೆಂದರೆ ಅಲ್ಲಿ ಸಿಹಿತಿಂಡಿಯು ಕಡೆಗೆ ಬರುವುದು. ಸುಶ್ರುತನು ಮಧುರವನ್ನು ಮೊದಲಿಗೂ, ಹುಳಿ ಉಪ್ಪುಗಳನ್ನು ನಡುವಿಗೂ, ಉಳಿದ ರಸಗಳನ್ನು ಆಮೇಲಕ್ಕೂ ಇಡುವನು. ಎಲೆಯ ತುದಿಗೆ ಪಾಯಸವನ್ನು ಮೊದಲು ಬಡಿಸುವ ಮನೆಗಳಲ್ಲಿ ಈ ಕ್ರಮದ ನೆನಪು ಇನ್ನೂ ಇದೆ. ಪಾಯಸವನ್ನುಂಡ ಬಾಯಿಗೆ ಸಿಹಿಯಿಲ್ಲದ ವೈನನ್ನು ಹೊಯ್ದರೆ ಅದು ಬರಿಯ ಹುಳಿನೀರು. ಆದುದರಿಂದ ಕನ್ನಡದ ಊಟವೆಂದು ಹೆಸರಿಟ್ಟು, ಫ್ರೆಂಚ್ ಕ್ರಮದಲ್ಲಿ ಬಡಿಸಿ, ಫ್ರೆಂಚ್ ಕ್ರಮದಲ್ಲಿ ಸುರಿಯುವವರು ಮೊದಲು ಹೆಸರನ್ನಾದರೂ ಬದಲಿಸಲಿ. ಆ ಫ್ರೆಂಚ್ ಕ್ರಮವೂ ಅನಾದಿಯೇನಲ್ಲ. ಎಲ್ಲ ಭಕ್ಷ್ಯಗಳನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡುತ್ತಿದ್ದ ಫ್ರಾನ್ಸಿನವರು ಒಂದಾದಮೇಲೊಂದು ತರುವ ಪದ್ಧತಿಯನ್ನು ಹಿಡಿದುದು 19ನೆಯ ಶತಮಾನದಲ್ಲಿ. ಅದಕ್ಕೆ ಅವರೇ ಕೊಟ್ಟ ಹೆಸರು ರಷ್ಯದ ಬಡಿಕೆ ಎಂದು! ಪರರಿಂದ ಪಡೆದುದನ್ನು ತಮ್ಮ ಊಟಕ್ಕೆ ತಕ್ಕಂತೆ ಅವರು ತಿದ್ದಿಕೊಂಡರು. ಇಲ್ಲಿಯವರು ತಿದ್ದುವ ಗೋಜಿಗೇ ಹೋಗರು.

ಸ್ವದೇಶಿಯೆಂಬ ಒಂದೇ ಕಾರಣಕ್ಕೆ ಕೆಟ್ಟ ವೈನನ್ನು ಹೊಗಳಬೇಕೆಂದು ಇದರ ಅರ್ಥವಲ್ಲ. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮನ್ನಣೆಯುಂಟು, ಹಣ್ಣಾಗಿ ಸೊಗಸು. ಅದರ ವೈನಿಗೆ ಮಾತ್ರ ಒಂದು ಗಾಢ ವಾಸನೆ ಬಿಡದು. ಆದರೆ ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಎಂಬವರು ಫ್ರೆಂಚ್ ತಳಿಗಳನ್ನು ನೆಟ್ಟು, ಬೋರ್ದೋ ಸೀಮೆಯ ಮಿಷೆಲ್ ರೊಲಾಂ ಎಂಬ ತಜ್ಞರ ಸಲಹೆ ಪಡೆದು ವೈನು ಮಾಡಿಸಿದರು. ಆ ತೋಟಗಳ ಬಳಿಯೇ ಊಟವಿಕ್ಕುವವರು ಸಮುದ್ರದಾಚೆಯ ಬಾಟಲಿಯನ್ನೇ ಮುಂದಿಡುವುದಾದರೆ, ನಾಲಗೆಯ ಕಾರಣವನ್ನು ಹೇಳಲಿ. ಬಹುಮಟ್ಟಿಗೆ ಅವರು ಹೇಳುವುದು ಚೀಟಿಯ ಕಾರಣವನ್ನು.

ಹಾಸನ ಸೀಮೆಯ ಓದುಗರಿಗೆ ಇದರಿಂದೇನು ಎಂದು ಕೇಳುವವರುಂಟು. ಹರದನಹಳ್ಳಿಯಂಥ ಊರಿನ ಮನೆಯ ಮಗನೋ ಮಗಳೋ ಬೆಂಗಳೂರಿನಲ್ಲಿ ಕೆಲಸಕ್ಕಿರುವರು; ತಂದೆಯ ಅರುವತ್ತು ತುಂಬಿದ ವರ್ಷ ಪ್ರೀತಿಯಿಂದ ಇಂಥ ಒಂದು ಶಾಲೆಗೆ ಕರೆದೊಯ್ಯುವರು. ತಂದೆಯು ಕುಡಿಯುವವರಲ್ಲವೆಂದು ತಿಳಿದೊಡನೆ ಪರಿಚಾರಕನು ಮುಂದಿದ್ದ ಬಟ್ಟಲನ್ನು ಎತ್ತಿಕೊಂಡು ಹೋಗುವನು. ಅದರ ಬದಲು ಬರುವುದು ಊಟದ ಮೊದಲಿನಿಂದ ಕಡೆಯವರೆಗೂ ಒಂದೇ ಸಕ್ಕರೆಯ ಸೋಡಾ. ಮುದ್ದೆ ಉಪ್ಪುಸಾರಿನ ಮೇಲೆ ನೀರುಮಜ್ಜಿಗೆಯನ್ನು, ರಾಮನವಮಿಯ ಕೋಸಂಬರಿಯೊಡನೆ ಬೆಲ್ಲದ ಪಾನಕವನ್ನು ಅಳತೆಯರಿತು ಕುಡಿದ ಬಾಯಿಗೆ ಅಲ್ಲಿ ಆಯ್ಕೆಯೇ ಇಲ್ಲ. ಪಕ್ಕದಲ್ಲಿ ಕುಳಿತ ಮೊಮ್ಮಗುವು ಏನನ್ನು ಕಲಿಯುವುದು? ವೈನು ಆರಿಸುವ ವಸ್ತು, ಮಜ್ಜಿಗೆ ಏನೂ ಇಲ್ಲದವರ ವಸ್ತು ಎಂದಲ್ಲವೆ?

ಈ ಮೇಲುಕೀಳು ಊಟದ ಮೇಜಿನಲ್ಲಿಯೇ ಹುಟ್ಟಿದುದಲ್ಲ. ಹರದನಹಳ್ಳಿಯವರೇ ಆದ ಎಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾಗಿದ್ದಾಗ, 2007ನೆಯ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯು ನಿಷಿದ್ಧವಾಯಿತು. ಅನೇಕ ಹಳ್ಳಿಮನೆಗಳ ಹೆಂಗಸರು ನಿಟ್ಟುಸಿರು ಬಿಟ್ಟರು. ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯು ಹೊತ್ತಿರುವುದೂ ಅದೇ 2007ರ ಹೆಸರನ್ನು. ಬೆಳೆಗಾರರ ದೃಷ್ಟಿಯಿಂದ ಅದಕ್ಕೆ ನ್ಯಾಯವುಂಟು. ಆದರೆ ಕೂಲಿಯವನ ಪೊಟ್ಟಣವು ದುರ್ವ್ಯಸನ, ಅಧಿಕಾರಿಯ ಬಟ್ಟಲು ಸಂಸ್ಕೃತಿ ಎಂದು ಭಾವಿಸುವವರು ಲೆಕ್ಕವನ್ನು ಮಾಡಿ ನೋಡಲಿ. ಏಳು ಭಕ್ಷ್ಯಕ್ಕೆ ಏಳು ಬಟ್ಟಲು, ಒಂದೊಂದರಲ್ಲಿ 60 ಮಿಲಿಲೀಟರಿನಂತೆ ಒಟ್ಟು 420 ಮಿಲಿಲೀಟರು. 750ರ ಬಾಟಲಿಯಲ್ಲಿ ಅರ್ಧಕ್ಕೂ ಮಿಗಿಲು. ರುಚಿನೋಟವೆಂಬ ಹೆಸರಿನಿಂದ ಮದವು ಕಡಿಮೆಯಾಗದು. ಯುಕ್ತಿಯಿಂದ ಸೇವಿಸಿದ ಮದ್ಯವು ಅಮೃತದಂತೆ, ಯುಕ್ತಿ ತಪ್ಪಿದರೆ ರೋಗಕ್ಕೆ ಕಾರಣ ಎಂದು ಮದಾತ್ಯಯದ ಪ್ರಕರಣದಲ್ಲಿ ಹೇಳಿದವನು ಪೊಟ್ಟಣಕ್ಕೂ ಬಟ್ಟಲಿಗೂ ಭೇದವೆಣಿಸಲಿಲ್ಲ.

ಭೋಜನಶಾಲೆಯವರು ಮಾಡಬೇಕಾದುದು ಕಷ್ಟದ್ದಲ್ಲ. ಪಾನೀಯಗಳ ಪಟ್ಟಿ ಒಂದೇ ಇರಲಿ, ಎರಡು ಬೇಡ. ಹಿದುಕಿದವರೆಯ ಎದುರಿಗೆ ಸಿಹಿಯುಳಿದ ಬಿಳಿಯ ವೈನನ್ನೂ, ಅದೇ ಸಾಲಿನಲ್ಲಿ ಇಂಗು, ಶುಂಠಿ, ಕರಿಬೇವು ಬೆರೆತ ನೀರುಮಜ್ಜಿಗೆಯನ್ನೂ ಬರೆಯಲಿ. ಹೋಳಿಗೆಗೆ ಅದಕ್ಕಿಂತ ಸಿಹಿಯಾದ ವೈನು ದೊರೆಯದಿದ್ದರೆ ಬಿಸಿಹಾಲನ್ನು ಬರೆಯಲಿ. ಮಜ್ಜಿಗೆಯನ್ನು ಇಂದು ಕಡೆದರೋ ನಿನ್ನೆ ಕಡೆದರೋ ಎಂಬುದನ್ನು ಕೇಳಿದರೆ ಹೇಳಬಲ್ಲವನು ಪರಿಚಾರಕನಾಗಿರಲಿ. ಬೆಲೆಯನ್ನೂ ಅದರ ಮುಂದೆ ಕಾಣಿಸಲಿ. ಪುಕ್ಕಟೆಯ ಮಜ್ಜಿಗೆಯನ್ನು ಅಂಥ ಮೇಜಿನ ಮೇಲೆ ಯಾರೂ ಎರಡು ಕೈಯಿಂದ ಇಡುವುದಿಲ್ಲ.